ಮಡಿಲಲ್ಲಿಟ್ಟ ಮೂರು ಫ್ಯೂಸು

ಹೋದ ವಾರ ನನ್ನ ಮೊಮ್ಮಗಳು ಅಧಿಕಾರಿಗಳ ಒಂದಿಡೀ ಗುಂಪನ್ನು ಮುಕ್ಕಾಲು ಗಂಟೆ ಕಾಯಿಸಿದಳು. ಇದನ್ನು ಬರೆಯುವಾಗಲೂ ನನಗೆ ನಗು ತಡೆಯುವುದಕ್ಕೆ ಆಗುತ್ತಿಲ್ಲ, ಕಣ್ಣಲ್ಲಿ ನೀರೂ ನಿಲ್ಲುತ್ತಿಲ್ಲ. ಗೌರಿಬಿದನೂರು ಕಡೆಯ ಕರೆಂಟ್ ಸ್ಟೇಷನ್ನಿನಲ್ಲಿ ಅವಳು ಲೈನು ಬಿಡುವ, ಬಂದ್ ಮಾಡುವ ಪರಿಚಾರಕಿಯಾಗಿ ಸೇರಿ ಇನ್ನೂ ಮೂರು ತಿಂಗಳು ತುಂಬಿಲ್ಲ. ನಮ್ಮ ಸೀಮೆಗೆ ಹೊಳೆ ನೀರು ತರುವ ಯೋಜನೆ ಇದೆಯಲ್ಲ, ಆ ನೀರನ್ನು ಮೇಲಕ್ಕೆ ತಳ್ಳುವ ಒಂದು ಪಂಪ್‌ಹೌಸಿಗೆ ಅಲ್ಲಿಂದಲೇ ಕರೆಂಟು ಹೋಗುತ್ತದೆ. ಅವತ್ತು ಪಂಪನ್ನು ಮೊದಲ ಸಲ ತಿರುಗಿಸಿ ನೋಡುವ ದಿನ. ದೊಡ್ಡವರೆಲ್ಲ ಪಂಪ್‌ಹೌಸಿನಲ್ಲಿ ಬಂದು ನಿಂತಿದ್ದರಂತೆ. ಲೈನಿನ ಮೇಲೆ ಏನೋ ಸಣ್ಣ ಕೆಲಸವಿತ್ತು. ಕೆಲಸಕ್ಕೆ ಹತ್ತುವವರು ಮೊದಲು ಸ್ಟೇಷನ್ನಿಗೆ ತಿಳಿಸಿ ಲೈನು ಬಂದ್ ಮಾಡಿಸಿಕೊಳ್ಳಬೇಕು. ಸ್ಟೇಷನ್ನಿನವರು ಅದನ್ನು ಪುಸ್ತಕದಲ್ಲಿ ಅವರ ಹೆಸರಿಗೇ ಬರೆದುಕೊಳ್ಳುತ್ತಾರೆ. ಇವಳೂ ಬರೆದುಕೊಂಡಿದ್ದಳು. ಅಷ್ಟರಲ್ಲಿ ಪಂಪ್‌ಹೌಸಿನಿಂದ ಫೋನು ಬಂತು, ಹತ್ತಿದವರು ಇಳಿದಾಯಿತು, ಕರೆಂಟು ಬಿಡಮ್ಮ ಎಂದು. ಇವಳು ಬಿಡಲಿಲ್ಲ. ಮೇಲಿನವರು ಒಬ್ಬರಾದ ಮೇಲೊಬ್ಬರು ಗದರಿದರು. ನನ್ನ ಮೊಮ್ಮಗಳು ಹೇಳಿದ್ದು ಒಂದೇ ಮಾತು.

"ಲೈನ್ ತಗೊಂಡವರೇ ವಾಪಸ್ ಕೊಡಲಿ ಸಾರ್. ಅಲ್ಲೀವರ್ಗೂ ಬಿಡಲ್ಲ."

ಆಮೇಲೆ ನೋಡಿದರೆ ಕೆಳಗೆ ಇಳಿದಿದ್ದವರು ಬೇರೆ ಯಾರೋ. ಹೆಸರು ಬರೆಸಿದ್ದ ಆ ಮನುಷ್ಯ ಇನ್ನೂ ಟವರಿನ ಮೇಲೇ ಇದ್ದರು.

ಈ ಸುದ್ದಿ ಕೇಳಿದ ಸಾಯಂಕಾಲ ಪಾತ್ರೆ ತುಂಬ ಹೆಸರುಬೇಳೆ ಪಾಯಸ ಮಾಡಿ ಬೀದಿಗೆಲ್ಲ ಹಂಚಿದೆ. ಮಾತನಾಡದವರ ಮನೆಗೂ ಕೊಟ್ಟೆ. ಹಂಚಿ ಬಂದು ಜಗಲಿಯ ಮೇಲೆ ಕೂತಾಗ, ಮೊದಲ ಲೋಟ ಯಾರಿಗೆ ಕೊಡಬೇಕಾಗಿತ್ತೋ ಅವರು ಇಲ್ಲವಲ್ಲ ಎನಿಸಿತು. ಅವರು ನಮ್ಮೂರಿನ ಲೈನ್‌ಮ್ಯಾನ್ ಆಗಿದ್ದವರು. ಹೋದ ಕಾರ್ತೀಕದಲ್ಲಿ ಚಿಂತಾಮಣಿ ಕಡೆಯ ತಮ್ಮ ಹುಟ್ಟೂರಿನಲ್ಲಿ ತೀರಿಕೊಂಡರು. ಮೊಮ್ಮಗಳ ಕೆಲಸದ ಆರ್ಡರ್ ಬಂದದ್ದು ಅದಾದ ಮೇಲೆ. ಅವಳು ಹೇಳಿದ ಆ ಮಾತು ಅವರು ಕಲಿಸಿದ್ದು. ಅದೇ ಮಾತನ್ನು ನಾನು ಒಂದು ದಿನ ಹೇಳದೆ ಹೋದೆ. ಅದರಿಂದ ಅವರ ಬಲಗೈಯ ಎರಡು ಬೆರಳು ಸುಟ್ಟು ಮುರುಟಿಹೋದವು. ನಮ್ಮೂರಿಗೆ ಗೊತ್ತಿರುವ ಕಥೆ ಬೇರೆ. ಅವತ್ತು ನಿಜ ಗೊತ್ತಿದ್ದವರು ಮೂರು ಜನ. ಇಬ್ಬರು ಹೋಗಿಬಿಟ್ಟರು. ಉಳಿದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಮೇಲೂರಿಗೆ ಹತ್ತಿರದ ಊರು ನಮ್ಮದು. ಹಿಪ್ಪುನೇರಳೆ ತೋಟ, ಹುಳುವಿನ ಮನೆ, ರೇಷ್ಮೆ ಬಿಚ್ಚುವ ಯಂತ್ರ, ಇಷ್ಟರಲ್ಲೇ ನಮ್ಮ ಜೀವನ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ಲೈನ್‌ಮ್ಯಾನ್ ಸೈಕಲ್ಲಿನಲ್ಲಿ ಬರುತ್ತಿದ್ದರು. ಸೈಕಲ್ಲಿನ ಪಕ್ಕಕ್ಕೆ ಒಂದು ಒಣಬಿದಿರಿನ ಗಳ ಕಟ್ಟಿರುತ್ತಿತ್ತು, ಹ್ಯಾಂಡಲ್ಲಿಗೆ ಎರಡು ರಬ್ಬರ್ ಕೈಗವಸು ನೇತಾಡುತ್ತಿದ್ದವು. ಆ ಕೈಗವಸುಗಳನ್ನು ವಾರಕ್ಕೊಮ್ಮೆ ನಮ್ಮ ಮನೆಯ ತೊಟ್ಟಿಯಲ್ಲಿ ತೊಳೆದು ಜಗಲಿಯ ಕಂಬಕ್ಕೆ ಸಿಕ್ಕಿಸಿ ಒಣಗಿಸಿಕೊಳ್ಳುತ್ತಿದ್ದರು. ನಾಲ್ಕಾರು ಊರಿಗೆ ಅವರೊಬ್ಬರೇ. ಕರೆಂಟು ಹೋದರೆ ಜನ ಅವರ ಬಾಡಿಗೆ ಮನೆಯ ಬಾಗಿಲು ಬಡಿದು ಬೈಯುತ್ತಿದ್ದರು. ಅವರು ತೆಲುಗು ಮನೆಮಾತಿನವರು, ಕನ್ನಡವನ್ನು ಎಳೆದು ಆಡುತ್ತಿದ್ದರು. ಬಾಗಿಲಿಗೆ ಒರಗಿ ನಿಂತು, "ಬಯ್ಯೋದು ಮುಗೀಲಿ ಅಣ್ಣಯ್ಯ. ಮುಗಿದ ಮೇಲೆ ಯಾವ ಕಂಬ ಅಂತ ಹೇಳು," ಎನ್ನುತ್ತಿದ್ದರು. ಬೈಯಲು ಬಂದವರು ಅರ್ಧಕ್ಕೇ ನಕ್ಕುಬಿಡುತ್ತಿದ್ದರು.

ಕಂಬ ಹತ್ತುವ ಮೊದಲು ಏನೂ ತಿನ್ನುತ್ತಿರಲಿಲ್ಲ. ಅರ್ಧ ಲೋಟ ಮಜ್ಜಿಗೆ, ಅಷ್ಟೇ. ಇಳಿದ ಮೇಲೆ ಮುದ್ದೆ ಕೊಟ್ಟರೆ ಎರಡು, ಹುರುಳಿ ಸಾರಿದ್ದರೆ ಮೂರು. ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಯಾವುದನ್ನೇ ಆಗಲಿ ಮೊದಲು ಹಿಂಗೈಯಿಂದ ಮುಟ್ಟುತ್ತಿದ್ದರು. ಅಂಗೈಯಿಂದ ಮುಟ್ಟಿದರೆ, ಕರೆಂಟು ಹರಿಯುತ್ತಿದ್ದಾಗ ಬೆರಳುಗಳು ತಾವೇ ಮುಚ್ಚಿಕೊಂಡು ಹಿಡಿದುಕೊಂಡುಬಿಡುತ್ತವಂತೆ. ಹಿಂಗೈಯಾದರೆ ಕೈ ಹಿಂದಕ್ಕೆ ಎಗರುತ್ತದಂತೆ. ಕಂಬವನ್ನು ಹಾಗೆ ಮುಟ್ಟುವುದು ಸರಿ, ಅವರು ಟೀ ಲೋಟವನ್ನೂ ಹಾಗೇ ಮುಟ್ಟಿ ನೋಡುತ್ತಿದ್ದರು, ನಮ್ಮ ಕರುವಿನ ಮೂತಿಯನ್ನೂ. ಮೊಮ್ಮಗಳು ಹುಟ್ಟಿ ಬಾಣಂತಿ ಕೋಣೆಯಿಂದ ಈಚೆಗೆ ತಂದಾಗ ಅವಳ ಕೆನ್ನೆಯನ್ನು ಮುಟ್ಟಿದ್ದೂ ಹಿಂಗೈಯಿಂದಲೇ. ಆಗಲೇ ಆ ಎರಡು ಬೆರಳು ಮುರುಟಿದ್ದವು. ಮಗು ಅವನ್ನೇ ಹಿಡಿದುಕೊಂಡು ಬಿಡಲೊಲ್ಲದು.

ಈಗ ಫ್ಯೂಸಿನ ವಿಷಯ. ನಮ್ಮ ಜಗಲಿಯ ಎದುರಿಗೇ ಊರಿನ ಟ್ರಾನ್ಸ್‌ಫಾರ್ಮರ್. ಊರೊಳಗಿನ ಕಂಬಕ್ಕೆ ಹತ್ತುವ ಮುನ್ನ ಅವರು ಅದರ ಪೆಟ್ಟಿಗೆಯಿಂದ ಮೂರು ಫ್ಯೂಸು ಕಿತ್ತುಕೊಳ್ಳುತ್ತಿದ್ದರು. ಬಿಳಿ ಪಿಂಗಾಣಿಯವು, ಒಂದೊಂದೂ ಮುಷ್ಟಿಗಾತ್ರ. ಅವನ್ನು ತಂದು ನನ್ನ ಮಡಿಲಿಗೆ ಹಾಕುತ್ತಿದ್ದರು. ಆಗತಾನೇ ಕಿತ್ತ ಫ್ಯೂಸು ಬೆಚ್ಚಗಿರುತ್ತದೆ, ಈಗಷ್ಟೇ ಇಟ್ಟ ಮೊಟ್ಟೆಯ ಹಾಗೆ. "ಅಕ್ಕಯ್ಯಾ, ನಾನು ಬಂದು ಕೇಳೋವರ್ಗೂ ಯಾರಿಗೂ ಕೊಡಬ್ಯಾಡಿ," ಎನ್ನುತ್ತಿದ್ದರು. ಪ್ರತಿ ಸಲವೂ ಅದೇ ಮಾತು, ಅದೇ ರಾಗ. ನಿಮ್ಮ ಚೀಲದಲ್ಲೇ ಇಟ್ಟುಕೊಂಡು ಹತ್ತಬಾರದೇ ಎಂದು ಒಮ್ಮೆ ಕೇಳಿದ್ದೆ. ಫ್ಯೂಸು ಇಲ್ಲದಿದ್ದರೆ ಜನ ತಂತಿ ತುಂಡು ಸಿಕ್ಕಿಸಿ ಕರೆಂಟು ಕೊಟ್ಟುಬಿಡುತ್ತಾರೆ, ಎದುರಿಗೆ ಒಬ್ಬರು ಮಡಿಲು ಕಟ್ಟಿಕೊಂಡು ಕೂತಿದ್ದರೆ ಯಾರಿಗೂ ಧೈರ್ಯ ಬರುವುದಿಲ್ಲ ಎಂದರು. ಆಫೀಸಿನ ಕಾನೂನಿನಲ್ಲಿ ಹೀಗೆಲ್ಲ ಇಲ್ಲ. ಜೊತೆಗೊಬ್ಬ ಸಹಾಯಕ ಇಲ್ಲದ ಮನುಷ್ಯ ತನಗೆ ತಾನೇ ಮಾಡಿಕೊಂಡ ಏರ್ಪಾಡು ಅದು. ಬೀದಿಯ ಹೆಂಗಸರು ಹಾಸ್ಯ ಮಾಡುತ್ತಿದ್ದರು, ಊರಿನ ಕರೆಂಟನ್ನೆಲ್ಲ ಮಡಿಲಲ್ಲಿ ಕಟ್ಕೊಂಡು ಕೂತವ್ಳೆ ನೋಡೇ ಎಂದು. ನನಗೂ ಒಳಗೊಳಗೇ ಹೆಮ್ಮೆ.

ಅವರ ಕೈ ಸುಟ್ಟ ಆ ದಿನ ಬೆಳಿಗ್ಗೆ ಬೀದಿಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ನಮ್ಮ ಯಜಮಾನರು ಗೂಡು ಕೊಳ್ಳಲು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿದ್ದರು. ಮನೆಯೊಳಗೆ ನನ್ನ ಮೈದುನ ರೇಷ್ಮೆ ಬಿಚ್ಚುತ್ತಿದ್ದ. ಗೂಡು ಬೆಂದು ಬಾಣಲೆಯಲ್ಲಿ ತೇಲುತ್ತಿರುವಾಗ ಮೋಟರು ನಿಂತಿತು. ಲೈನ್‌ಮ್ಯಾನ್ ಫ್ಯೂಸು ಕಿತ್ತು ನನ್ನ ಮಡಿಲಿಗೆ ಹಾಕಿ ಹಿಂದಿನ ಬೀದಿಯ ಕಂಬಕ್ಕೆ ಹೋಗಿದ್ದರು. ಬೆಂದ ಗೂಡು ಕಾಯುವುದಿಲ್ಲ. ಹೆಚ್ಚು ಹೊತ್ತಾದರೆ ಎಳೆ ಬರುವುದಿಲ್ಲ, ಎಲ್ಲಾ ಮುದ್ದೆಯಾಗುತ್ತದೆ. ಅದರ ವಾಸನೆ ಜಗಲಿಯವರೆಗೂ ಬರುತ್ತಿತ್ತು. ಮೈದುನ ಎರಡು ಸಲ ಈಚೆ ಬಂದು ಹೋದ. ಮೂರನೇ ಸಲ ಬೀದಿಯ ತುದಿಗೆ ಹೋಗಿ ಬಂದು ಹೇಳಿದ.

"ಅವರು ಇಳಿದು ಟೀ ಕುಡೀತಾವ್ರೆ ಅತ್ಗೆ. ಫ್ಯೂಸ್ ಇಸ್ಕೊಂಡು ಹಾಕು ಅಂದ್ರು. ಕೊಡಿ."

ಅವರೇ ಬರಲಿ ಎನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಈಗಲೂ ಅದರ ರುಚಿ ಗೊತ್ತು ನನಗೆ. ಆದರೆ ಬೇಯುತ್ತಿದ್ದದ್ದು ನಮ್ಮ ಮನೆಯ ಗೂಡು, ಕೇಳುತ್ತಿದ್ದವನು ನಮ್ಮ ಮನೆಯ ಹುಡುಗ. ಎದ್ದು ನಿಂತೆ. ಮಡಿಲು ಬಿಚ್ಚಿಕೊಟ್ಟೆ.

ಅವನು ಅವರನ್ನು ಟೀ ಅಂಗಡಿಯಲ್ಲಿ ನೋಡಿದ್ದು ಅವರು ಹತ್ತುವುದಕ್ಕೆ ಮೊದಲೋ, ನಡುವೆ ಇಳಿದಾಗಲೋ, ಅಥವಾ ನೋಡಿಯೇ ಇರಲಿಲ್ಲವೋ, ಸಾಯುವವರೆಗೂ ಅವನು ಬಾಯಿ ಬಿಡಲಿಲ್ಲ. ಮೂರನೇ ಫ್ಯೂಸು ಕೂರಿಸುತ್ತಿದ್ದ ಹಾಗೆ ಪೆಟ್ಟಿಗೆಯಲ್ಲಿ ಪಟಾರ್ ಎಂದು ಸದ್ದಾಯಿತು. ಹಿಂದಿನ ಬೀದಿಯಿಂದ ಒಂದು ಕೂಗು ಕೇಳಿಸಿತು.

ಅವರು ಉಳಿದದ್ದು ಒಂದು ಸರಪಳಿಯಿಂದ. ಕೆಲಸಕ್ಕೆ ಮುಂಚೆ ತಂತಿಗಳ ಮೇಲೆ ಸರಪಳಿ ಹಾಕಿ ಅದರ ತುದಿಯನ್ನು ನೆಲಕ್ಕೆ ಇಳಿಬಿಡುವುದು ಅವರ ಪದ್ಧತಿ. ಕರೆಂಟು ಬಂದರೂ ಅದರಲ್ಲಿ ಇಳಿದುಹೋಗಿ ಫ್ಯೂಸು ಸುಟ್ಟುಕೊಳ್ಳುತ್ತದೆ. ಹಾಗೇ ಆಯಿತು. ಆದರೆ ಆ ಕ್ಷಣ ಅವರ ಕೈ ಸರಪಳಿಯ ಪಕ್ಕದಲ್ಲಿತ್ತು, ಕಿಡಿ ಸಿಡಿದು ಬೆರಳು ಸುಟ್ಟವು. ಟವಲ್ಲಿನಲ್ಲಿ ಕೈ ಸುತ್ತಿಕೊಂಡು ಅವರು ನೇರ ನಮ್ಮ ಜಗಲಿಗೆ ಬಂದರು. ನನ್ನ ಖಾಲಿ ಮಡಿಲನ್ನು ನೋಡಿದರು. ಬಾಗಿಲ ಹಿಂದೆ ನಿಂತಿದ್ದ ಮೈದುನನನ್ನು ನೋಡಿದರು. ಬೈಯಲಿಲ್ಲ. ಸ್ವಲ್ಪ ನೀರು ಕೊಡಿ ಅಕ್ಕಯ್ಯಾ ಎಂದರು.

ಆಫೀಸಿನವರು ವಿಚಾರಣೆಗೆ ಬಂದ ದಿನ ಲೈನ್‌ಮ್ಯಾನ್ ಹೇಳಿದ್ದನ್ನು ಬಾಗಿಲ ಸಂದಿನಿಂದ ನಾನೇ ಕೇಳಿದೆ. "ಫ್ಯೂಸ್ ಕೀಳೋದು ಮರ್ತೆ ಸಾರ್. ತಪ್ಪು ನಂದೇ." ಅದನ್ನೇ ಬರೆದುಕೊಂಡು ಹೋದರು. ಅವರಿಗೆ ಬರಬೇಕಾಗಿದ್ದ ಬಡ್ತಿ ತಪ್ಪಿತು. ಅವರ ಹತ್ತಿರ ಕೆಲಸ ಕಲಿತವರೆಲ್ಲ ಅವರಿಗೇ ಕೆಲಸ ಹೇಳುವ ಜಾಗಕ್ಕೆ ಹೋದರು. ಅವರು ಲೈನ್‌ಮ್ಯಾನ್ ಆಗಿಯೇ ರಿಟೈರಾದರು. ಊರಿನಲ್ಲಿ ಅವರಿಗೆ ಮರೆಗುಳಿ ಎಂಬ ಹೆಸರು ಬಿತ್ತು. ಕಂಬ ಹತ್ತಲು ಹೊರಟರೆ ಸಾಕು, ಸ್ವಾಮೀ, ಇವತ್ತು ಫ್ಯೂಸ್ ಕಿತ್ತಿದ್ದೀರಾ, ನೆನಪೈತಾ ಎಂದು ಯಾರಾದರೂ ಒಬ್ಬರು ಕೂಗುತ್ತಿದ್ದರು. ಅವರು ಕೈಯೆತ್ತಿ ನಗುತ್ತಿದ್ದರು. ನಾನು ಜಗಲಿಯಲ್ಲಿ ಕೂತು ಕೇಳುತ್ತಿದ್ದೆ.

ಹೌದು, ಜಗಲಿಯಲ್ಲೇ. ಗಾಯ ಆರಿ ಕೆಲಸಕ್ಕೆ ಬಂದ ಮೊದಲ ದಿನವೇ ಫ್ಯೂಸು ಕಿತ್ತು ಎಡಗೈಯಲ್ಲಿ ಹಿಡಿದುಕೊಂಡು ನನ್ನ ಎದುರಿಗೆ ಬಂದು ನಿಂತರು. ನಾನು ಸೆರಗು ಹಿಂದಕ್ಕೆ ಎಳೆದುಕೊಂಡೆ. ಬೇಡ, ಬೇರೆ ಯಾರಿಗಾದರೂ ಕೊಡಿ ಎಂದೆ.

"ಒಂದ್ಸಲ ಕೊಟ್ಟುಬಿಟ್ಟೋರು ಇನ್ನೊಂದ್ಸಲ ಕೊಡಲ್ಲ ಅಕ್ಕಯ್ಯಾ. ಇಡ್ಕೊಳ್ಳಿ."

ರಿಟೈರಾಗುವವರೆಗೂ ನನ್ನ ಮಡಿಲಿಗೇ ಹಾಕಿದರು. ಆಮೇಲೆ ಮನೆಗೆ ಬೆಂಕಿ ಬಿದ್ದಿದ್ದರೂ ನಾನು ಎದ್ದು ನಿಲ್ಲುತ್ತಿರಲಿಲ್ಲ.

ಅವರು ರಿಟೈರಾಗಿ ಊರಿಗೆ ಹೋದ ಕೆಲವು ವರ್ಷಕ್ಕೆ ಹೊಳೆ ನೀರಿನ ಮಾತು ಬಿಸಿಯಾಯಿತು. ನೀರು ಗುಡ್ಡ ಹತ್ತಬೇಕಾದರೆ ಕರೆಂಟು ಬೇಕು. ಕರೆಂಟು ತರಲು ದೊಡ್ಡ ಟವರುಗಳ ಲೈನು ಬೇಕು. ಆ ಲೈನನ್ನು ಸರ್ಕಾರದವರೇ ಎಳೆದು ನೋಡಿಕೊಳ್ಳುವುದೋ, ಇಲ್ಲಾ ಖಾಸಗಿ ಕಂಪನಿ ಎಳೆದು ವರ್ಷಗಟ್ಟಲೆ ತನ್ನ ಕೈಯಲ್ಲೇ ಇಟ್ಟುಕೊಳ್ಳುವುದೋ ಎಂದು ಚರ್ಚೆ. ಚಿಕ್ಕಬಳ್ಳಾಪುರದಲ್ಲಿ ಒಂದು ಸಭೆ ಕರೆದರು. ನಮ್ಮ ಸಂಘದ ಹೆಂಗಸರೂ ಹೋದೆವು. ಅಲೀಪುರದ ಕಡೆಯವರು, ಗೌರಿಬಿದನೂರಿನವರು, ಟವರು ಹಾಯುವ ಹೊಲದವರೆಲ್ಲ ಬಂದಿದ್ದರು. ನಮ್ಮ ಲೈನ್‌ಮ್ಯಾನ್ ಕೂಡ ಚಿಂತಾಮಣಿ ಬಸ್ಸಿಳಿದು ಬಂದರು, ತಲೆ ಪೂರ್ತಿ ಬೆಳ್ಳಗಾಗಿತ್ತು.

ಸುಳ್ಳು ಹೇಳಬಾರದು, ಸಭೆಯಲ್ಲಿ ಹೆಚ್ಚಿನವರು ಕಂಪನಿಯ ಕಡೆಗೇ ಇದ್ದರು. ಸರ್ಕಾರದ ಲೈನು ನಾಲ್ಕು ಹನಿ ಬಿದ್ದರೆ ನಿಲ್ಲುತ್ತದೆ, ಕಂಪನಿಯವರು ಬೇಗ ಮುಗಿಸುತ್ತಾರೆ, ನೀರು ಬಂದರೆ ಸಾಕು, ತಂತಿ ಯಾರದಾದರೇನು ಎಂದರು. ಆ ಮಾತಿನಲ್ಲಿ ನ್ಯಾಯ ಇಲ್ಲ ಎಂದು ನಾನು ಹೇಳಲಾರೆ. ಕಂಪನಿಯ ಪರವಾಗಿ ಬಂದಿದ್ದ ಇಂಜಿನಿಯರೂ ಒಳ್ಳೆಯ ಹುಡುಗ, ತಾಳ್ಮೆಯಿಂದ ಉತ್ತರ ಕೊಡುತ್ತಿದ್ದ. ಲೈನ್‌ಮ್ಯಾನ್ ಎದ್ದು ನಿಂತು ಅವನನ್ನು ಕೇಳಿದರು, ನೀರು ಸರ್ಕಾರದ್ದು, ಮೋಟರು ಸರ್ಕಾರದ್ದು, ನಡುವಿನ ತಂತಿ ಮಾತ್ರ ನಿಮ್ಮದು, ಮೋಟರು ನಿಂತ ದಿನ ನಾವು ಯಾರ ಬಾಗಿಲು ಬಡಿಯಬೇಕು ಎಂದು. ಹುಡುಗ ಉತ್ತರ ಕೊಡುವುದರೊಳಗೆ ನಮ್ಮೂರಿನವನೇ ಒಬ್ಬ ಹಿಂದಿನಿಂದ ಕೂಗಿದ.

"ಫ್ಯೂಸ್ ಕೀಳೋದೇ ಮರ್ತೋರು ನಮಗೆ ಕರೆಂಟಿನ ಪಾಠ ಹೇಳೋಕೆ ಬಂದವ್ರೆ ಕಣ್ರೋ. ಸರ್ಕಾರದ ಲೈನು ಹೆಂಗಿರುತ್ತೆ ಅಂತ ಆ ಕೈ ನೋಡಿದ್ರೆ ಸಾಕು."

ಇಡೀ ಸಭೆ ನಕ್ಕಿತು. ನಾನು ನಾಲ್ಕನೇ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಎರಡೂ ಕೈ ಹಿಡಿದುಕೊಂಡಿದ್ದೆ. ಏಳಬೇಕು, ಈಗಲೇ ಹೇಳಬೇಕು ಎಂದುಕೊಂಡೆ. ಏಳಲಿಲ್ಲ. ಅವರು ನನ್ನ ಕಡೆ ನೋಡಲೂ ಇಲ್ಲ. ನಗು ನಿಲ್ಲುವವರೆಗೆ ಕಾದು, ಆ ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿದರು.

"ಹೌದಪ್ಪಾ, ಮರ್ತೆ. ಮರ್ತೋನು ಯಾರು ಅಂತ ಊರಿಗೆಲ್ಲ ಗೊತ್ತೈತೆ. ಇವತ್ತಿಗೂ ಕರೆದು ಬಯ್ತೀರ. ನಾನು ಕೇಳೋದೂ ಅದೇನೇ. ನಾಳೆ ಈ ದೊಡ್ಡ ಲೈನಲ್ಲಿ ಒಬ್ಬನ ಕೈ ಸುಟ್ರೆ, ಮರ್ತೋನು ಯಾರು ಅಂತ ನಿಮಗೆ ಗೊತ್ತಾಗುತ್ತಾ?"

ಇಂಜಿನಿಯರ್ ಹುಡುಗ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ. ನಾನು ಕುರ್ಚಿಯ ಕೈ ಇನ್ನೂ ಬಿಟ್ಟಿರಲಿಲ್ಲ. ಮರೆತವನು ತಾನೆಂದು ಅಷ್ಟು ಗಟ್ಟಿಯಾಗಿ ನಿಂತು ಹೇಳಿದ ಮನುಷ್ಯ ಮರೆತಿರಲೇ ಇಲ್ಲವಲ್ಲ.

ಕೊನೆಗೆ ನಮ್ಮ ಕಡೆಯ ಲೈನು ಸರ್ಕಾರದ ಕೈಯಲ್ಲೇ ಉಳಿಯಿತು. ಅವರೊಬ್ಬರ ಮಾತಿನಿಂದ ಉಳಿಯಿತು ಎನ್ನುವಷ್ಟು ದಡ್ಡಿ ನಾನಲ್ಲ. ಮೇಲಿನವರ ಲೆಕ್ಕಾಚಾರ ಮೇಲಿನವರಿಗೆ ಗೊತ್ತು. ನೀರು ನಮ್ಮ ಕೆರೆಗೆ ಇನ್ನೂ ಬಂದಿಲ್ಲ, ಅದೂ ನಿಜ.

ಸಭೆ ಮುಗಿದು ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ಅವರು ಬೇಯಿಸಿದ ಕಡಲೆಕಾಯಿ ಕೊಂಡರು. ಮೂರು ಬೆರಳಿನಲ್ಲಿ ಸುಲಿದು ನನಗೂ ಕೊಡುತ್ತಿದ್ದರು. ಯಾಕೆ ಹೀಗೆ ಮಾಡಿದಿರಿ, ಅವತ್ತೇ ನನ್ನ ಹೆಸರು ಹೇಳಬಹುದಿತ್ತಲ್ಲ ಎಂದು ಆಗಲಾದರೂ ಬಾಯಿಬಿಟ್ಟು ಕೇಳಿದೆ. ಹೇಳಿದ್ದರೆ ನಿಮ್ಮ ಮನೆಯಲ್ಲಿ ರಂಪವಾಗುತ್ತಿತ್ತು ಎಂದರು. ಅದಕ್ಕಿಂತ ಹೆಚ್ಚಾಗಿ, ಆಮೇಲೆ ಯಾವ ಊರಿನಲ್ಲೂ ಯಾವ ಹೆಂಗಸೂ ಯಾವ ಲೈನ್‌ಮ್ಯಾನಿನ ಫ್ಯೂಸನ್ನೂ ಇಟ್ಟುಕೊಳ್ಳಲು ಒಪ್ಪುತ್ತಿರಲಿಲ್ಲ, ನಾವು ಯಾರನ್ನು ನಂಬಿ ಹತ್ತಬೇಕಾಗಿತ್ತು ಎಂದರು. ನಾನು ಎಲ್ಲರಿಗೂ ಹೇಳಿಬಿಡುತ್ತೇನೆ ಎಂದೆ. ಅವರು ಸಿಪ್ಪೆಯನ್ನು ಪೊಟ್ಟಣಕ್ಕೆ ಹಾಕಿ ಮಡಿಸಿದರು.

"ಅವಸರ ಏನಿಲ್ಲ. ಹೇಳ್ಬೇಕು ಅನ್ಸಿದಾಗ ನೀವೇ ಬನ್ನಿ. ಬೇರೆಯವರ ಕೈಲಿ ಹೇಳಿ ಕಳಿಸ್ಬ್ಯಾಡಿ, ಅಷ್ಟೇ."

ಮೊಮ್ಮಗಳು ಚಿಂತಾಮಣಿಯಲ್ಲಿ ಡಿಪ್ಲೊಮಾಕ್ಕೆ ಸೇರಿದ ಮೇಲೆ ಭಾನುವಾರಗಳಲ್ಲಿ ಅವರ ಮನೆಗೆ ಹೋಗುತ್ತಿದ್ದಳು. ಕಾಲೇಜಿನವರು ಪುಸ್ತಕದಿಂದ ಹೇಳಿದ್ದನ್ನು ಅವರು ಅಂಗಳದಲ್ಲಿ ಎರಡು ಗೂಟ ನೆಟ್ಟು ದಾರ ಕಟ್ಟಿ ತೋರಿಸುತ್ತಿದ್ದರಂತೆ. ಲೈನು ತೆಗೆದುಕೊಂಡವನೇ ಹಿಂದಕ್ಕೆ ಕೊಡಬೇಕು, ನಿಮ್ಮಪ್ಪ ಬಂದು ಕೇಳಿದರೂ ಬಿಡಬೇಡ ಎಂದು ನೂರು ಸಲ ಹೇಳಿಸಿದ್ದರಂತೆ. ನನ್ನ ಬಗ್ಗೆ ಅವಳಿಗೆ ಅವರು ಹೇಳಿದ್ದು ಒಂದೇ, ನಿಮ್ಮಜ್ಜಿ ಒಳ್ಳೆ ಕಾವಲುಗಾತಿ ಎಂದು. ಅದನ್ನು ಅವಳು ಫೋನಿನಲ್ಲಿ ಸಂಭ್ರಮದಿಂದ ಹೇಳಿದಾಗ ನಾನು ಒಲೆಯ ಮೇಲೆ ಏನೋ ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಫೋನಿಟ್ಟೆ.

ಹೋಗೋಣ, ಹೋಗೋಣ ಎಂದುಕೊಂಡೇ ನಾನು ಹೋಗಲಿಲ್ಲ. ಅವರು ಹೋಗಿಬಿಟ್ಟರು.

ಹನ್ನೊಂದು ದಿನದ ಕಾರ್ಯವೆಲ್ಲ ಮುಗಿದು ನೆಂಟರು ಚದುರಿದ ಮೇಲೆ ಒಬ್ಬಳೇ ಬಸ್ಸು ಹತ್ತಿದೆ. ಅವರ ಹೆಂಡತಿ ಅಂಗಳದ ಬಿಸಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಒಂದು ಹಿಡಿ ಎಳೆದುಕೊಂಡೆ. ಸುಲಿಯುತ್ತ ಸುಲಿಯುತ್ತ ಎಲ್ಲವನ್ನೂ ಹೇಳಿದೆ. ಬೆಂದ ಗೂಡು, ಮೈದುನ, ನಾಲಿಗೆಯ ತುದಿಗೆ ಬಂದು ನಿಂತ ಮಾತು, ಬಿಚ್ಚಿದ ಮಡಿಲು. ಅವರು ಮರೆತಿರಲಿಲ್ಲ, ಕೊಟ್ಟವಳು ನಾನು ಎಂದೆ. ಆಯಮ್ಮನ ಕೈ ನಿಂತಿತು.

"ಅಷ್ಟು ವರ್ಷಾನೂ ನಾನೂ ಅವರನ್ನ ಮರೆಗುಳಿ ಅಂತಲೇ ಬೈದೆ ಅಕ್ಕಯ್ಯಾ," ಎಂದರು ಕೊನೆಗೆ. "ಬಡ್ತಿ ಕಳ್ಕೊಂಡ ಅಂತ ನೆಂಟರ ಎದುರಿಗೆಲ್ಲ ಆಡ್ಕೊಂಡೆ. ಒಂದ್ಸಲಾನೂ ಅಲ್ಲ ಅನ್ಲಿಲ್ಲ ಮಹಾನುಭಾವ."

ಎದ್ದು ಒಳಗೆ ಹೋದರು. ನನ್ನನ್ನು ಹೊರಡು ಎನ್ನುವುದಕ್ಕೇ ಎದ್ದರು ಎಂದುಕೊಂಡು ನಾನೂ ಎದ್ದು ಸೀರೆ ಕೊಡವಿಕೊಂಡೆ. ಈಚೆ ಬಂದಾಗ ಅವರ ಕೈಯಲ್ಲಿ ಹಳೆಯ ಖಾಕಿ ಬಟ್ಟೆಯ ಗಂಟೊಂದಿತ್ತು. ನಮ್ಮೂರಿನ ಹಳೆಯ ಟ್ರಾನ್ಸ್‌ಫಾರ್ಮರ್ ಬದಲಾಯಿಸಿದಾಗ ಬೇಡವೆಂದು ಬಿಸಾಕಿದ್ದನ್ನು ಅವರ ಯಜಮಾನರು ಎತ್ತಿಟ್ಟುಕೊಂಡಿದ್ದರಂತೆ. ಬಿಚ್ಚಿದರೆ ಮೂರು ಫ್ಯೂಸು. ಒಂದರ ಪಿಂಗಾಣಿ ಬಿರುಕು ಬಿಟ್ಟು ಕಪ್ಪಾಗಿತ್ತು.

"ಅಕ್ಕಯ್ಯ ಅವರೇ ಬರೋವರ್ಗೂ ಯಾರಿಗೂ ಕೊಡಬ್ಯಾಡ ಅಂದಿದ್ರು," ಎಂದರು. "ಯಾಕೆ ಅಂತ ಹೇಳಿರ್ಲಿಲ್ಲ."

ಮಡಿಲೊಡ್ಡುವ ಮೊದಲು ನನಗರಿವಿಲ್ಲದೆಯೇ ನನ್ನ ಹಿಂಗೈ ಅವುಗಳ ಮೇಲೆ ಹೋಯಿತು. ತಣ್ಣಗಿದ್ದವು.